ಹಣ ಬಂದ ದಿನವೇ ಕಂತಿನ ದಿನವಾಗಲಿ

(ಹಾಸನದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಸಹಕಾರ ಸಂಘಗಳ ಸಿಬ್ಬಂದಿಯ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಉಳಿತಾಯದ ಆ್ಯಪ್ ಒಂದರಲ್ಲಿ ಹೊಸ ಕಂತು ಆರಂಭಿಸಲು ಹೊರಟವರಿಗೆ ಮೊದಮೊದಲು ಎದುರಾಗುವ ಪ್ರಶ್ನೆಗಳಲ್ಲಿ ಒಂದು, ತಿಂಗಳ ಯಾವ ತಾರೀಖಿಗೆ ಹಣ ಕಡಿತವಾಗಬೇಕು ಎಂಬುದು. ಹಲವು ಆ್ಯಪ್‌ಗಳು ಮೊದಲ ವಾರದ ಒಂದು ತಾರೀಖನ್ನು ತಾವೇ ಗುರುತು ಮಾಡಿಟ್ಟಿರುತ್ತವೆ. ತಿಂಗಳ ಕೊನೆಯ ದಿನ ಸಂಬಳ ಜಮೆಯಾಗುವ ನೌಕರರಿಗೆ ಈ ಏರ್ಪಾಡು ಚೆನ್ನಾಗಿಯೇ ಒಗ್ಗುತ್ತದೆ. ಆದರೆ ಈ ಜಿಲ್ಲೆಯ ಮತ್ತು ಪಕ್ಕದ ಚಿಕ್ಕಮಗಳೂರಿನ ಬಹಳಷ್ಟು ಮನೆಗಳಿಗೆ ಹಣ ಬರುವ ಕ್ರಮವೇ ಬೇರೆ. ಹಾಲು ಹಾಕುವವರಿಗೆ ಡೇರಿಯ ಬಟವಾಡೆಯ ದಿನ, ತೋಟದ ಕೆಲಸಗಾರರಿಗೆ ಕೂಲಿ ಕೊಡುವ ದಿನ, ಆಲೂಗಡ್ಡೆ ಬೆಳೆದವರಿಗೆ ಮುಂಗಾರಿನ ಬೆಳೆ ಕಿತ್ತು ಎಪಿಎಂಸಿಗೆ ಸಾಗಿಸಿದ ಮೇಲಿನ ಕೆಲವೇ ವಾರಗಳು, ಕಾಫಿ ಬೆಳೆಗಾರರಿಗೆ ಕೊಯ್ಲು ಮುಗಿದು ಮಾರಾಟವಾದ ನಂತರದ ತಿಂಗಳುಗಳು. ಹಣ ಕೈ ಸೇರುವುದು ಆಗ. ಸ್ವಯಂಚಾಲಿತ ಉಳಿತಾಯದ ವಿನ್ಯಾಸದಲ್ಲಿ ಕಂತಿನ ಮೊತ್ತ, ಹೂಡಿಕೆಯ ಬಗೆ ಇವೆಲ್ಲಕ್ಕಿಂತ ಮುಖ್ಯವಾದ ನಿರ್ಧಾರ ಕಂತಿನ ದಿನದ್ದು ಎಂದು ನಾನು ನಂಬಿದ್ದೇನೆ. ಆ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡದೆ ಆದಾಯ ನೋಡಿ ಗೊತ್ತುಮಾಡಬೇಕು ಎಂಬುದನ್ನೇ ಇಂದು ವಿವರವಾಗಿ ಹೇಳಲು ಬಯಸುತ್ತೇನೆ.

ಈ ಆಲೋಚನೆಗೆ ನಮ್ಮ ರಾಜ್ಯದಲ್ಲಿಯೇ ಹಳೆಯ ಬೇರುಗಳಿವೆ. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆಬಾಗಿಲಿಗೆ ಹೋಗಿ ಪಡೆಯುತ್ತಿದ್ದರು. ಇಂದಿಗೂ ನಮ್ಮ ಪಟ್ಟಣಗಳ ಸಹಕಾರ ಸಂಘಗಳಲ್ಲಿ ಪಿಗ್ಮಿ ಕಟ್ಟುವ ಅಂಗಡಿಯವರು, ಹೂವಿನವರು, ಹೋಟೆಲಿನವರು ಎಷ್ಟೋ ಮಂದಿ ಇದ್ದಾರೆ. ವಿನ್ಯಾಸಕಾರರಾದವರು ಈ ಪದ್ಧತಿಯನ್ನು ಗಮನವಿಟ್ಟು ನೋಡಬೇಕು. ಪಿಗ್ಮಿ ಸಂಗ್ರಹಿಸುವವರು ಬರುವುದು ಗಲ್ಲಾಪೆಟ್ಟಿಗೆಯಲ್ಲಿ ಆ ದಿನದ ವ್ಯಾಪಾರದ ಹಣ ಇರುವ ಹೊತ್ತಿಗೆ. ವ್ಯಾಪಾರ ಕಡಿಮೆಯಾದ ದಿನ ನೂರರ ಬದಲು ಐವತ್ತು ಕೊಟ್ಟರೂ ಅವರು ಬರೆದುಕೊಳ್ಳುತ್ತಾರೆ. ಏನೂ ಇಲ್ಲವೆಂದರೆ ದಂಡ ಹಾಕದೆ ಮುಂದಿನ ಅಂಗಡಿಗೆ ಹೋಗುತ್ತಾರೆ, ಆದರೆ ನಾಳೆ ಮತ್ತೆ ಬಂದೇ ಬರುತ್ತಾರೆ. ತಾರೀಖು ಆಧಾರಿತ ಕಂತನ್ನು ಮೊಬೈಲಿಗೆ ತಂದಾಗ ಹಣ ವರ್ಗಾವಣೆ ಸುಲಭವಾಯಿತು ನಿಜ, ಆದರೆ ಈ ಹೊಂದಾಣಿಕೆಯ ಗುಣವೆಲ್ಲ ದಾರಿಯಲ್ಲೇ ಉದುರಿಹೋಯಿತು. ಅದನ್ನು ಮರಳಿ ತರುವುದು ಸಾಧ್ಯವಿದೆ.

ಜನರ ಸಂಕಲ್ಪಕ್ಕಿಂತ ವ್ಯವಸ್ಥೆಯ ರಚನೆಯೇ ಉಳಿತಾಯವನ್ನು ಹೆಚ್ಚು ನಿರ್ಧರಿಸುತ್ತದೆ ಎಂಬುದಕ್ಕೆ ಒಳ್ಳೆಯ ಅಧ್ಯಯನಗಳು ಆಧಾರವಾಗಿವೆ. 2001ರಲ್ಲಿ ಬ್ರಿಜಿಟ್ ಮ್ಯಾಡ್ರಿಯನ್ ಮತ್ತು ಡೆನ್ನಿಸ್ ಶೇ ಅಮೆರಿಕದ ಒಂದು ಕಂಪನಿಯ ನಿವೃತ್ತಿ ಉಳಿತಾಯ ಯೋಜನೆಯನ್ನು ಪರಿಶೀಲಿಸಿ ಪ್ರಕಟಿಸಿದ ಪ್ರಬಂಧ ಅವುಗಳಲ್ಲಿ ಪ್ರಸಿದ್ಧವಾದದ್ದು. ಅರ್ಜಿ ತುಂಬಿ ಸೇರಬೇಕಾಗಿದ್ದ ಯೋಜನೆಯನ್ನು, ಬೇಡವೆಂದವರು ಮಾತ್ರ ಹೊರಗುಳಿಯುವ ಯೋಜನೆಯಾಗಿ ಆ ಕಂಪನಿ ಬದಲಾಯಿಸಿದಾಗ ಸೇರುವವರ ಪ್ರಮಾಣ ಬಹಳ ಏರಿತು. ಆದರೆ ಹೀಗೆ ಸೇರಿದ ಬಹಳ ಮಂದಿ ಕಂಪನಿ ತಾನಾಗಿ ನಿಗದಿಪಡಿಸಿದ್ದ ಶೇಕಡಾ 3ರ ದರದಲ್ಲಿಯೇ, ಅದು ಆರಿಸಿಟ್ಟಿದ್ದ ಕಡಿಮೆ ಆದಾಯದ ನಿಧಿಯಲ್ಲಿಯೇ ನಿಂತುಬಿಟ್ಟರು. ಈ ಎರಡನೆಯ ಮಾತನ್ನು ಆ್ಯಪ್ ಕಟ್ಟುವವರು ಬೇಗ ಮರೆಯುತ್ತಾರೆ. ನಾವು ಮೊದಲೇ ತುಂಬಿಟ್ಟ ಅಂಕಿಯನ್ನು ಜನ ತಜ್ಞರ ಸಲಹೆಯೆಂದೇ ಭಾವಿಸುವುದರಿಂದ, ಆ ಖಾನೆಯಲ್ಲಿ 100 ಇಡುವುದೋ 500 ಇಡುವುದೋ ಎಂಬುದರ ಹೊಣೆ ಪೂರ್ತಿಯಾಗಿ ನಮ್ಮದು.

2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಮತ್ತು ಅವರ ಸಹೋದ್ಯೋಗಿ ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ದಾರಿ ತೋರಿಸಿತು. ಈಗಿನ ಸಂಬಳದಲ್ಲಿ ಕಡಿತ ಬೇಡವೆನ್ನುವ ನೌಕರರಿಗೆ, ಮುಂದೆ ಸಂಬಳ ಹೆಚ್ಚಾದಾಗ ಆ ಹೆಚ್ಚಳದ ಒಂದು ಪಾಲು ಉಳಿತಾಯಕ್ಕೆ ಹೋಗಲಿ ಎಂದು ಇಂದೇ ಒಪ್ಪಿಗೆ ಕೊಡುವ ಅವಕಾಶವನ್ನು ಅವರು ಕಲ್ಪಿಸಿದ್ದರು. ಮೊದಲು ಜಾರಿಯಾದ ಕಂಪನಿಯಲ್ಲಿ, ಯೋಜನೆ ಸೇರಿದವರ ಸರಾಸರಿ ಉಳಿತಾಯ ದರ 40 ತಿಂಗಳಲ್ಲಿ ಶೇಕಡಾ 3.5ರಿಂದ 13.6ಕ್ಕೆ ಏರಿತು. ಕೈಗಿನ್ನೂ ಬಾರದ ಹಣದಲ್ಲಿ ಪಾಲು ಬಿಟ್ಟುಕೊಡುವುದು ಯಾರಿಗೂ ನೋವಿನ ಸಂಗತಿಯಲ್ಲ. ಅಫ್ಘಾನಿಸ್ತಾನದಲ್ಲಿ ಮೊಬೈಲ್ ಮೂಲಕ ಸಂಬಳ ಪಡೆಯುತ್ತಿದ್ದ ದೂರಸಂಪರ್ಕ ಕಂಪನಿಯೊಂದರ ನೌಕರರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಂಬಳದ ಶೇಕಡಾ 5 ತಾನಾಗಿ ಉಳಿತಾಯಕ್ಕೆ ಹೋಗುವಂತೆ ಮೊದಲೇ ಹೊಂದಿಸಿಟ್ಟ ಗುಂಪಿನಲ್ಲಿ ಉಳಿತಾಯ ಮಾಡಿದವರ ಪ್ರಮಾಣ, ತಾವಾಗಿ ಆರಿಸಿಕೊಳ್ಳಬೇಕಾಗಿದ್ದ ಗುಂಪಿಗಿಂತ ಶೇಕಡಾವಾರು 40 ಅಂಶಗಳಷ್ಟು ಹೆಚ್ಚಿತ್ತು. ಈ ಮೂರೂ ಕಡೆ ಕಡಿತವಾದದ್ದು ಸಂಬಳ ನೌಕರರ ಕೈಗೆ ತಲುಪುವ ಮೊದಲೇ ಎಂಬುದನ್ನು ಗಮನಿಸಬೇಕು. ಖರ್ಚಾಗಿ ಉಳಿದದ್ದರಲ್ಲಿ ಉಳಿಸುವ ಪ್ರಶ್ನೆ ಅಲ್ಲಿ ಏಳಲೇ ಇಲ್ಲ.

ಹಾಲಿನ ಡೇರಿಯಲ್ಲಿ ಮೂಲದಲ್ಲೇ ಕಡಿತ ಮಾಡುವ ಪದ್ಧತಿ ನಮ್ಮ ಹಳ್ಳಿಗಳಿಗೆ ಪರಿಚಿತವಾದದ್ದೇ. ಸಾಲವಾಗಿ ಪಡೆದ ಪಶು ಆಹಾರದ ಹಣವನ್ನು ಬಟವಾಡೆಯಲ್ಲಿ ಹಿಡಿದುಕೊಂಡು ಉಳಿದದ್ದನ್ನು ಕೊಡುವುದು ಎಷ್ಟೋ ಸಂಘಗಳಲ್ಲಿ ನಡೆದುಬಂದಿದೆ. ಸಾಲ ತೀರಿಸಲು ಬಳಕೆಯಾಗುವ ಅದೇ ದಾರಿಯನ್ನು, ಸದಸ್ಯರ ಲಿಖಿತ ಒಪ್ಪಿಗೆಯೊಂದಿಗೆ, ಉಳಿತಾಯಕ್ಕೂ ತೆರೆಯಬಹುದು. ಥೇಲರ್ ಅವರ ವಿಧಾನವೂ ಇಲ್ಲಿ ಸಹಜವಾಗಿ ಕೂಡಿಕೊಳ್ಳುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು, ಆ ಏರಿಕೆಯನ್ನು ಉತ್ಪಾದಕರಿಗೆ ವರ್ಗಾಯಿಸುವುದಾಗಿ ಸರ್ಕಾರ ಹೇಳಿತು. ದಿನಕ್ಕೆ 10 ಲೀಟರ್ ಹಾಕುವ ಮನೆಗೆ ಅದು ಪೂರ್ತಿಯಾಗಿ ತಲುಪಿದರೆ ವಾರಕ್ಕೆ 280 ರೂಪಾಯಿ ಹೆಚ್ಚುವರಿ. ಮುಂದಿನ ದರ ಏರಿಕೆಯಲ್ಲಿ ಅರ್ಧವನ್ನು ಉಳಿತಾಯಕ್ಕೆ ಹಾಕಿ ಎಂದು ಆ ಮನೆಯವರು ಮೊದಲೇ ಹೇಳಿಟ್ಟಿದ್ದರೆ ವಾರಕ್ಕೆ 140, ವರ್ಷದ 52 ವಾರಕ್ಕೆ 7,280 ರೂಪಾಯಿ, ಮನೆಯ ನಿತ್ಯದ ಖರ್ಚಿಗೆ ಕೈಹಾಕದೆಯೇ ಜಮೆಯಾಗುತ್ತದೆ. ತೋಟದ ಮತ್ತು ಕಾರ್ಖಾನೆಯ ಕಾರ್ಮಿಕರಿಗೆ ಪ್ರತಿ ಏಪ್ರಿಲ್‌ನಲ್ಲಿ ಆಗುವ ತುಟ್ಟಿಭತ್ಯೆಯ ಪರಿಷ್ಕರಣೆ ಇಂಥದೇ ಸಂದರ್ಭ. ವರ್ಷಕ್ಕೆ ಶೇಕಡಾ 10 ಹೆಚ್ಚಿಸಿ ಎಂಬ ಸಿದ್ಧ ಆಯ್ಕೆಯನ್ನು ಜನವರಿ 1ಕ್ಕೆ ಹೊಂದಿಸಿಡುವ ಆ್ಯಪ್‌ಗಿಂತ, ನಿಮಗೆ ಕೂಲಿ ಅಥವಾ ದರ ಹೆಚ್ಚುವುದು ಯಾವಾಗ ಎಂದು ಕೇಳಿ ನೆನಪಿಟ್ಟುಕೊಳ್ಳುವ ಆ್ಯಪ್ ಹೆಚ್ಚು ಉಪಕಾರಿ.

ಇದಕ್ಕೆ ಬೇಕಾದ ತಾಂತ್ರಿಕ ಸೌಕರ್ಯ ಈಗಾಗಲೇ ಇದೆ. ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2020ರ ಜುಲೈನಲ್ಲಿ ಒಮ್ಮೆ ಒಪ್ಪಿಗೆ ಕೊಟ್ಟರೆ ಕಂತು ತಾನಾಗಿ ಕಡಿತವಾಗುವ ಯುಪಿಐ ಆಟೋಪೇ ಆರಂಭಿಸಿತು. ಅದರಲ್ಲಿ ದಿನ, ವಾರ, ಹದಿನೈದು ದಿನ, ತಿಂಗಳು, ಮೂರು ತಿಂಗಳು, ವರ್ಷ ಎಂಬ ಆವರ್ತನಗಳ ಜೊತೆಗೆ, ನಿಗದಿತ ದಿನವಿಲ್ಲದೆ, ಗರಿಷ್ಠ ಮಿತಿಯೊಳಗೆ, ಕೋರಿಕೆ ಬಂದಾಗ ಮಾತ್ರ ಹಣ ಕಡಿತವಾಗುವ ಆಯ್ಕೆಯೂ ಇದೆ. ಬಟವಾಡೆ ಬಂದಾಗ ಶೇಕಡಾ 5, ಬಾರದ ವಾರ ಏನೂ ಇಲ್ಲ ಎಂಬಂಥ ಕಂತನ್ನು ಈ ಆಯ್ಕೆಯ ಮೇಲೆ ಕಟ್ಟಬಹುದು. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಪ್ರತಿ ಬಾರಿ ಪಿನ್ ಕೇಳದೆ ಕಡಿತ ಮಾಡಬಹುದಾದ ಮಿತಿಯನ್ನು 2022ರ ಜೂನ್‌ನಲ್ಲಿ 15,000 ರೂಪಾಯಿಗೂ, ಮ್ಯೂಚುವಲ್ ಫಂಡ್ ಕಂತುಗಳಂಥ ಕೆಲವು ಪಾವತಿಗಳಿಗೆ 2023ರ ಡಿಸೆಂಬರ್‌ನಲ್ಲಿ 1 ಲಕ್ಷಕ್ಕೂ ಏರಿಸಲಾಗಿದೆ. ಆದಾಯ ಬಂದದ್ದು ಆ್ಯಪ್‌ಗೆ ತಿಳಿಯುವ ಬಗೆ ಹೇಗೆ ಎಂಬುದು ಉಳಿದ ಪ್ರಶ್ನೆ. ಬ್ಯಾಂಕಿನ ಅಥವಾ ಸಹಕಾರ ಸಂಘದ ಸ್ವಂತ ಆ್ಯಪ್ ಆದರೆ ಮಾಹಿತಿ ಅಲ್ಲಿಯೇ ಇರುತ್ತದೆ. ಹೊರಗಿನ ಆ್ಯಪ್‌ಗಳಿಗೆ 2021ರ ಸೆಪ್ಟೆಂಬರ್‌ನಿಂದ ಬಳಕೆಗೆ ಬಂದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಿದ್ದು, ಖಾತೆದಾರರ ಒಪ್ಪಿಗೆ ಪಡೆದು, ಒಪ್ಪಿದ ಅವಧಿಗೆ, ಒಪ್ಪಿದ ಉದ್ದೇಶಕ್ಕೆ ಮಾತ್ರ ವಿವರ ತರಿಸಿಕೊಳ್ಳಬಹುದು. ಫೋನಿನ ಎಸ್ಎಂಎಸ್‌ಗಳನ್ನೆಲ್ಲ ಓದಿ ಜಮೆಯನ್ನು ಪತ್ತೆಹಚ್ಚುವ ಅಡ್ಡದಾರಿಯನ್ನು ನೀವು ಹಿಡಿಯಬಾರದೆಂದು ಕೇಳಿಕೊಳ್ಳುತ್ತೇನೆ. ಉಳಿತಾಯದ ಹೆಸರಿನಲ್ಲಿ ಒಬ್ಬರ ಆಸ್ಪತ್ರೆಯ ಸಂದೇಶ, ಸಾಲದ ನೋಟಿಸು ಎಲ್ಲವನ್ನೂ ನೋಡುವ ಅಧಿಕಾರ ಯಾವ ವಿನ್ಯಾಸಕಾರರಿಗೂ ಇಲ್ಲ.

ಕಂತು ತಪ್ಪಿದಾಗ ಏನಾಗುತ್ತದೆ ಎಂಬುದರ ಬಗ್ಗೆ ಹೆಚ್ಚು ಹೊತ್ತು ಮಾತನಾಡಬೇಕೆನಿಸುತ್ತದೆ, ಏಕೆಂದರೆ ಸಣ್ಣ ಆದಾಯದವರು ಉಳಿತಾಯದಿಂದ ದೂರ ಸರಿಯುವುದು ಈ ಹಂತದಲ್ಲಿ. ಖಾತೆಯಲ್ಲಿ ಹಣವಿಲ್ಲದೆ, ಬ್ಯಾಂಕ್ ಖಾತೆಯಿಂದ ಕಂತನ್ನು ತಾನಾಗಿ ಸಾಗಿಸುವ ಎನ್‌ಎಸಿಎಚ್ ಕಡಿತ ವಿಫಲವಾದರೆ ಮ್ಯೂಚುವಲ್ ಫಂಡ್ ಸಂಸ್ಥೆ ದಂಡ ಹಾಕದಿದ್ದರೂ ಅನೇಕ ಬ್ಯಾಂಕುಗಳು ಶುಲ್ಕ ವಿಧಿಸುತ್ತವೆ. ಕಂತು 500 ರೂಪಾಯಿ, ಶುಲ್ಕ 250 ರೂಪಾಯಿ ಎಂದಿಟ್ಟುಕೊಂಡರೆ, ಉಳಿಸಲು ಹೊರಟ ತಪ್ಪಿಗೆ ಅರ್ಧ ಕಂತು ಕಳೆದುಕೊಂಡಂತಾಗುತ್ತದೆ. ಆ ಅರ್ಧ ಕಂತನ್ನು ಮರಳಿ ಗಳಿಸಲು ಒಳ್ಳೆಯ ಹೂಡಿಕೆಗೂ ವರ್ಷಗಳು ಬೇಕು. ಆದ್ದರಿಂದ ಕಡಿತಕ್ಕೆ ಮುಂಚಿನ 24 ಗಂಟೆಗಳ ಸೂಚನೆಯನ್ನು ಕಾನೂನಿಗಾಗಿ ಕಳಿಸುವ ಒಣ ಸಂದೇಶವಾಗಿ ಬಿಡದೆ, ವಿನ್ಯಾಸದ ನಡುಮನೆಯಾಗಿ ಕಾಣಬೇಕು. ನಾಳೆ ನಿಮ್ಮ ಖಾತೆಯಿಂದ ಇಷ್ಟು ಹಣ ಉಳಿತಾಯಕ್ಕೆ ಹೋಗುತ್ತದೆ ಎಂದು ಸರಳ ಕನ್ನಡದಲ್ಲಿ ಹೇಳಿ, ಈ ವಾರ ಬೇಡ, ಈ ವಾರ ಅರ್ಧ ಸಾಕು ಎಂಬ ಎರಡು ಗುಂಡಿಗಳನ್ನು ಅದರಲ್ಲಿಯೇ ಇಡಬೇಕು. ಒಂದು ವಾರ ಬಿಟ್ಟವರಿಗೆ ಮುಂದಿನ ವಾರ ಕಂತು ತಾನಾಗಿ ಮರಳಬೇಕು. ಮಾಸಿಕ ಎಸ್‌ಐಪಿ (ಮ್ಯೂಚುವಲ್ ಫಂಡಿನ ನಿಯತ ಕಂತು) ಸತತ ಮೂರು ಬಾರಿ ವಿಫಲವಾದರೆ ರದ್ದಾಗುತ್ತದೆ. ಶ್ರಾವಣ ಮಾಸದ ಹಬ್ಬದ ಖರ್ಚು, ಕರು ಹಾಕುವ ಮುನ್ನ ಹಸು ಹಾಲು ನಿಲ್ಲಿಸುವ ಎರಡು ತಿಂಗಳು, ಇವೆರಡು ಒಟ್ಟಿಗೆ ಬಂದ ಮನೆಯಲ್ಲಿ ಮೂರು ಕಂತು ತಪ್ಪುವುದು ಸೋಮಾರಿತನವಲ್ಲ, ಹೈನುಗಾರಿಕೆಯ ಸಹಜ ಲಯ. ಅದನ್ನು ಮೊದಲೇ ಕೇಳಿ ತಿಳಿದು, ಆ ತಿಂಗಳುಗಳಿಗೆ ವಿರಾಮ ಕೊಡುವುದು ಕೆಲವೇ ಸಾಲುಗಳ ಪ್ರೋಗ್ರಾಮಿನ ಕೆಲಸ.

ಕಾಫಿ ಬೆಳೆಗಾರರ ವಿಷಯದಲ್ಲಿ ಸಮಸ್ಯೆ ತಿರುವುಮುರುವಾಗುತ್ತದೆ. ಅರೇಬಿಕಾ ಕೊಯ್ಲು ಸುಮಾರಾಗಿ ನವೆಂಬರ್‌ನಿಂದ ಜನವರಿವರೆಗೆ, ರೊಬಸ್ಟಾ ಅದರ ಹಿಂದೆಯೇ. ಮಾರಿದ ಹಣ ಒಂದೆರಡು ಬಾರಿಗೆ ದೊಡ್ಡದಾಗಿ ಬರುತ್ತದೆ. ಖರ್ಚು ಮಾತ್ರ ವರ್ಷವಿಡೀ ಹರಡಿಕೊಂಡಿರುತ್ತದೆ: ಹೂಮಳೆ ತಡವಾದರೆ ಸ್ಪ್ರಿಂಕ್ಲರ್ ಡೀಸೆಲ್, ಮರಗಸಿ, ಗೊಬ್ಬರ, ಮಳೆಗಾಲಕ್ಕೆ ಮೊದಲು ಬೋರ್ಡೋ ಸಿಂಪರಣೆ, ಜೂನ್‌ನಲ್ಲಿ ಮಕ್ಕಳ ಶಾಲೆ, ಆಮೇಲೆ ಕಳೆ ತೆಗೆಸುವ ಕೂಲಿ. ಎರಡು ಮೂರು ಎಕರೆಯ ಸಣ್ಣ ಬೆಳೆಗಾರರಿಗೆ ಪ್ರತಿ ತಿಂಗಳು ಹಣ ಎಳೆದುಕೊಳ್ಳುವ ಕಂತಿಗಿಂತ, ಒಮ್ಮೆಗೇ ಬಂದ ಹಣವನ್ನು ಭದ್ರವಾಗಿಟ್ಟು ತಿಂಗಳು ತಿಂಗಳು ಮರಳಿ ಕೊಡುವ ವ್ಯವಸ್ಥೆ ಬೇಕು. ಬೇರೆ ಬೇರೆ ತಿಂಗಳಿಗೆ ಅವಧಿ ಮುಗಿಯುವ ಠೇವಣಿಗಳ ಸಾಲು ಇದನ್ನು ಮಾಡಬಲ್ಲದು, ಹಣ ಬೇಗ ಹಿಂಪಡೆಯಬಹುದಾದ ಮ್ಯೂಚುವಲ್ ಫಂಡ್ ಆದ ಲಿಕ್ವಿಡ್ ಫಂಡಿನಿಂದ ನಿಗದಿತವಾಗಿ ಹಿಂಪಡೆಯುವ ಸೌಲಭ್ಯವೂ ಮಾಡಬಲ್ಲದು. ಇವೆರಡೂ ಇಂದು ಲಭ್ಯವಿವೆ. ಆದರೆ ಮಾರಾಟದ ಹಣ ಬಂದ ದಿನ, ಇದರಲ್ಲಿ ಮುಂದಿನ ಕೊಯ್ಲಿನವರೆಗಿನ ಮನೆಖರ್ಚು ಎಷ್ಟು, ತೋಟದ ಖರ್ಚು ಎಷ್ಟು, ನಿಜವಾಗಿ ಉಳಿಯುವುದು ಎಷ್ಟು ಎಂದು ಕೇಳಿ ಮೂರು ಪಾಲು ಮಾಡಿಕೊಡುವ ಪರದೆಯನ್ನು ಕಟ್ಟುವವರು ಬೇಕಾಗಿದ್ದಾರೆ. ಬೆಲೆ ಚೆನ್ನಾಗಿದ್ದ ವರ್ಷದ ಹಣ ಬೆಲೆ ಕುಸಿದ ವರ್ಷಕ್ಕೆ ಉಳಿದುಬರುವುದು ಈ ಪಾಲು ಮಾಡುವ ದಿನದಲ್ಲಿಯೇ ತೀರ್ಮಾನವಾಗುತ್ತದೆ. ಈ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಯೋಗ್ಯವಾದ ಪ್ರಾಜೆಕ್ಟ್ ನನಗೆ ತೋರುತ್ತಿಲ್ಲ.

ಚಿಲ್ಲರೆ ಉಳಿತಾಯದ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಉತ್ಸಾಹದ್ದಲ್ಲ. ಬ್ಯಾಂಕ್ ಆಫ್ ಅಮೆರಿಕ 2005ರಲ್ಲಿ, ಕಾರ್ಡಿನಲ್ಲಿ ಮಾಡಿದ ಖರೀದಿಯನ್ನು ಮುಂದಿನ ಪೂರ್ಣ ಡಾಲರಿಗೆ ಏರಿಸಿ ವ್ಯತ್ಯಾಸವನ್ನು ಉಳಿತಾಯಕ್ಕೆ ಹಾಕುವ ಯೋಜನೆ ಆರಂಭಿಸಿತು, ಅದರ ಹಲವು ರೂಪಗಳು ನಮ್ಮಲ್ಲೂ ಬಂದಿವೆ. ನಮ್ಮಲ್ಲಿ ಚಹಾ, ಬಸ್ಸು, ತರಕಾರಿಗಳ ಯುಪಿಐ ಪಾವತಿಗಳು ಬಹುತೇಕ 10, 20, 50ರಲ್ಲಿಯೇ ಇರುವುದರಿಂದ ಉಳಿಯುವ ಚಿಲ್ಲರೆ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಉಳಿತಾಯ ಖರ್ಚಿಗೆ ಅಂಟಿಕೊಂಡಿದೆ, ಹಾಗಾಗಿ ಬಿಗಿಯಾಗಿ ಸಂಸಾರ ನಡೆಸುವವರು ಕಡಿಮೆ ಉಳಿಸುತ್ತಾರೆ. ಹೀಗೆ ಸೇರಿದ ಹಣ ಕೆಲವು ಆ್ಯಪ್‌ಗಳಲ್ಲಿ ಡಿಜಿಟಲ್ ಚಿನ್ನಕ್ಕೆ ಹೋಗುತ್ತದೆ. ಚಿನ್ನದ ಮೇಲೆ ಶೇಕಡಾ 3 ಜಿಎಸ್‌ಟಿ ಇರುವುದರಿಂದ 1,000 ರೂಪಾಯಿ ಹಾಕಿದವರಿಗೆ ಸಿಗುವುದು ಸುಮಾರು 971 ರೂಪಾಯಿಯ ಚಿನ್ನ, ಮಾರುವಾಗಿನ ದರ ಕೊಳ್ಳುವ ದರಕ್ಕಿಂತ ಮತ್ತೂ ಕಡಿಮೆ. ಇಂಥ ಡಿಜಿಟಲ್ ಚಿನ್ನ ತನ್ನ ನಿಯಂತ್ರಣಕ್ಕೆ ಒಳಪಟ್ಟಿಲ್ಲವೆಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2025ರ ನವೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಮೊದಲ ಹೆಜ್ಜೆಯಾಗಿ ಚಿಲ್ಲರೆ ಉಳಿತಾಯ ಇರಲಿ, ಆದರೆ ಹಣ ಎಲ್ಲಿಗೆ ಹೋಗುತ್ತದೆ ಮತ್ತು ಹೋಗುವಾಗಲೇ ಎಷ್ಟು ಕರಗುತ್ತದೆ ಎಂಬುದನ್ನು ಒಪ್ಪಿಗೆಯ ಗುಂಡಿಯ ಪಕ್ಕದಲ್ಲಿಯೇ ರೂಪಾಯಿಗಳಲ್ಲಿ ತೋರಿಸಬೇಕು.

ಉಳಿಸಿದ್ದನ್ನು ಹಿಂಪಡೆಯುವುದು ಎಷ್ಟು ಕಷ್ಟವಾಗಿರಬೇಕು ಎಂಬುದು ಸೂಕ್ಷ್ಮವಾದ ವಿಷಯ. ಫಿಲಿಪ್ಪೀನ್ಸ್‌ನ ಒಂದು ಗ್ರಾಮೀಣ ಬ್ಯಾಂಕಿನಲ್ಲಿ, ತಾವೇ ನಿಗದಿಪಡಿಸಿದ ಗುರಿ ಅಥವಾ ದಿನಾಂಕದವರೆಗೆ ಹಣ ತೆಗೆಯಲಾಗದ ಖಾತೆಯನ್ನು ಗ್ರಾಹಕರಿಗೆ ಕೊಟ್ಟು ನೋಡಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಅವಕಾಶ ಸಿಕ್ಕವರಲ್ಲಿ ಶೇಕಡಾ 28ರಷ್ಟು ಮಂದಿ ಈ ಬೀಗವನ್ನು ತಾವಾಗಿ ಆರಿಸಿಕೊಂಡರು. ಇದಕ್ಕೆ ಎದುರಾಗಿ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ಇಡಬೇಕು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ಹಿಂಪಡೆಯಲಾಗದಂತೆ ಮಾಡಿದ ಆದೇಶದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ರಸ್ತೆಗಿಳಿದರು ಮತ್ತು ಸರ್ಕಾರ ಆ ಆದೇಶವನ್ನು ಹಿಂತೆಗೆದುಕೊಂಡಿತು. ತಾವಾಗಿ ಹಾಕಿಕೊಂಡ ಬೀಗವನ್ನು ಜನ ಸ್ವಾಗತಿಸುತ್ತಾರೆ, ಕೇಳದೆ ಹಾಕಿದ ಬೀಗ ಅವರಿಗೆ ತಮ್ಮ ಹಣವನ್ನೇ ಕಸಿದುಕೊಂಡಂತೆ ಕಾಣುತ್ತದೆ. ನನ್ನ ಸಲಹೆಯೇನೆಂದರೆ, ಪ್ರತಿ ಕಂತು ಎರಡು ಪಾಲಾಗಲಿ: ಆಸ್ಪತ್ರೆ, ಸಾವುನೋವುಗಳಿಗೆ ಅದೇ ದಿನ ಸಿಗುವ ಒಂದು ಪಾಲು, ಶಾಲೆಯ ಫೀಸು, ಹಸು, ಮನೆಯ ಹೆಂಚು ಎಂದು ಉಳಿಸುವವರೇ ಹೆಸರಿಟ್ಟ ಇನ್ನೊಂದು ಪಾಲು. ಭಾರತದ ಕಟ್ಟಡ ಕಾರ್ಮಿಕರ ನಡುವೆ ದಿಲೀಪ್ ಸೋಮನ್ ಮತ್ತು ಅಮರ್ ಚೀಮಾ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಳಿತಾಯದ ಹಣವನ್ನು ಒಂದರ ಬದಲು ಎರಡು ಲಕೋಟೆಗಳಲ್ಲಿ ಇಟ್ಟವರು, ಮಕ್ಕಳ ಚಿತ್ರವಿದ್ದ ಲಕೋಟೆ ಪಡೆದವರು ಹೆಚ್ಚು ಉಳಿಸಿದರು.

ಕಂತು ನಿಲ್ಲಿಸುವ ಗುಂಡಿಯನ್ನು ಅಡಗಿಸಿಡುವುದು, ನಿಲ್ಲಿಸಲು ಹೊರಟ ತಾಯಿಗೆ, ನನ್ನ ಮಕ್ಕಳ ಭವಿಷ್ಯ ನನಗೆ ಮುಖ್ಯವಲ್ಲ ಎಂಬ ಸಾಲಿನ ಮೇಲೆ ಒತ್ತಲು ಹೇಳುವುದು, ಇವು 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿರುವ 13 ಬಗೆಯ ವಂಚಕ ವಿನ್ಯಾಸಗಳ ಸಾಲಿಗೆ ಸೇರುತ್ತವೆ. ಕಾನೂನು ಇರಲಿ ಬಿಡಲಿ, ಸೇರಲು ಬೇಕಾದಷ್ಟೇ ಒತ್ತುಗಳಲ್ಲಿ ಹೊರಬರಲು ಸಾಧ್ಯವಾಗಬೇಕು. ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು. ನಮ್ಮ ಹಳ್ಳಿಗಳಲ್ಲಿ ಒಂದೇ ಫೋನನ್ನು ಇಡೀ ಮನೆ ಬಳಸುವುದುಂಟು. ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಒಂದಿಷ್ಟನ್ನು ಮಗಳ ಹೆಸರಿಗೆ ತೆಗೆದಿಡುವ ಹೆಣ್ಣುಮಗಳ ಒಟ್ಟು ಉಳಿತಾಯ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡಿದರೆ, ಆ ಹಣಕ್ಕೆ ಮನೆಯಲ್ಲಿಯೇ ಹಕ್ಕುದಾರರು ಹುಟ್ಟಿಕೊಳ್ಳುತ್ತಾರೆ. ಕಡಿತದ ಸೂಚನೆ ಕಡ್ಡಾಯ, ಒಟ್ಟು ಮೊತ್ತವನ್ನು ಅದರಲ್ಲಿ ಹೇಳಬೇಕಾಗಿಲ್ಲ. ಬೇರೆ ಪಿನ್ ಇಟ್ಟು ಅದನ್ನು ಮರೆಯಲ್ಲಿಡುವುದು ವಿನ್ಯಾಸಕಾರರ ಕರ್ತವ್ಯ.

ಇಷ್ಟೆಲ್ಲ ಮಾಡಿದ ಮೇಲೆ ಯಶಸ್ಸನ್ನು ಯಾವುದರಿಂದ ಅಳೆಯಬೇಕು? ಎಷ್ಟು ಜನ ಕಂತು ಆರಂಭಿಸಿದರು ಎಂಬ ಸಂಖ್ಯೆ ಸಭೆಗಳಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅದು ಬಹಳ ಕಡಿಮೆ ಹೇಳುತ್ತದೆ. ಜೇಮ್ಸ್ ಚಾಯ್, ಡೇವಿಡ್ ಲೈಬ್ಸನ್ ಮತ್ತು ಸಂಗಡಿಗರು 2024ರಲ್ಲಿ ಹೊರತಂದ ಪ್ರಬಂಧ, ಸ್ವಯಂಚಾಲಿತ ಉಳಿತಾಯದ ದೀರ್ಘಕಾಲೀನ ಪರಿಣಾಮ ಹಿಂದೆ ಭಾವಿಸಿದ್ದಕ್ಕಿಂತ ಚಿಕ್ಕದು ಎಂದು ತೋರಿಸಿತು. ಜನ ಕೆಲಸ ಬಿಡುತ್ತಾರೆ, ಬಿಟ್ಟಾಗ ಹಣ ಹಿಂಪಡೆಯುತ್ತಾರೆ. ಹಾಸನದ ಗಾರ್ಮೆಂಟ್ಸ್ ಕೆಲಸ ಬಿಟ್ಟು ಪಿಎಫ್ ತೆಗೆದುಕೊಂಡವರನ್ನು ಬಲ್ಲ ಯಾರಿಗೂ ಇದು ಆಶ್ಚರ್ಯವಲ್ಲ. ಆದ್ದರಿಂದ ವರ್ಷದ ಕೊನೆಗೆ ಪ್ರತಿಯೊಬ್ಬರ ಬಳಿ ನಿವ್ವಳವಾಗಿ ಉಳಿದ ಹಣ ಎಷ್ಟು, ಬ್ಯಾಂಕ್ ಶುಲ್ಕವಾಗಿ ಅವರು ಕಳೆದುಕೊಂಡದ್ದು ಎಷ್ಟು, ನಿಲ್ಲಿಸಿದವರಲ್ಲಿ ಮರಳಿ ಬಂದವರು ಎಷ್ಟು, ಉಳಿತಾಯದ ಕಂತು ಕಟ್ಟಲು ಸಂಘದಲ್ಲಿ ಸಾಲ ಮಾಡಿದವರಿದ್ದಾರೆಯೇ ಎಂಬುದನ್ನು ಎಣಿಸಬೇಕು. ಶೇಕಡಾ 24 ಬಡ್ಡಿಯ ಕೈಸಾಲ ಇರುವವರಿಗೆ ಹೂಡಿಕೆಯ ಕಂತನ್ನು ಒಡ್ಡುವ ಬದಲು, ಅದೇ ಹಣವನ್ನು ಸಾಲದ ಅಸಲಿಗೆ ಕಟ್ಟಿಸುವ ಆ್ಯಪ್ ಅವರಿಗೆ ನಿಜವಾದ ಲಾಭ ತರುತ್ತದೆ.

ಉಪನ್ಯಾಸದ ನಂತರ ಸಂಘದ ಕಾರ್ಯದರ್ಶಿಯೊಬ್ಬರು, ಬಟವಾಡೆಯಲ್ಲಿ ಹಿಡಿದ ಉಳಿತಾಯದ ಹಣವನ್ನು ಸಂಘದಲ್ಲಿಯೇ ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ಅದು ಬೇಡವೆಂಬುದು ನನ್ನ ಉತ್ತರವಾಗಿತ್ತು. ಠೇವಣಿ ವಿಮಾ ನಿಗಮವು 2020ರ ಫೆಬ್ರವರಿಯಿಂದ ಪ್ರತಿ ಠೇವಣಿದಾರರಿಗೆ ಪ್ರತಿ ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ, ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಸೇರಿವೆ, ಆದರೆ ಪ್ರಾಥಮಿಕ ಸಹಕಾರ ಸಂಘಗಳು ಸೇರಿಲ್ಲ. ಸಂಘ ಹಣವನ್ನು ಹಿಡಿದು ಅದೇ ದಿನ ಸದಸ್ಯರ ಸ್ವಂತ ಹೆಸರಿನ ಬ್ಯಾಂಕ್ ಅಥವಾ ಅಂಚೆ ಕಚೇರಿ ಖಾತೆಗೆ ವರ್ಗಾಯಿಸಬೇಕು, ಮತ್ತು ಹಣ ಈಗ ಯಾವ ಸಂಸ್ಥೆಯಲ್ಲಿದೆ, ಅದಕ್ಕೆ ವಿಮೆ ಇದೆಯೇ ಎಂಬುದು ಬಟವಾಡೆಯ ಚೀಟಿಯಲ್ಲಿಯೇ ಮುದ್ರಿತವಾಗಬೇಕು.